ಮರುವಾಯಿ ಸುಕ್ಕ, ಸಿಗಡಿ ಘೀ ರೋಸ್ಟ್, ಏಡಿ ಗಸಿ: ಇವುಗಳ ಜೊತೆ ಯಾವ ವೈನ್?

ಪಡುಕೆರೆ ಹುಡುಗಿ
ಎಲ್ಲರಿಗೂ ನಮಸ್ಕಾರ. ಬರುವ ಭಾನುವಾರ ಏಳೆಂಟು ಜನ ಸ್ನೇಹಿತರು ಮನೆಗೆ ಊಟಕ್ಕೆ ಬರುತ್ತಿದ್ದಾರೆ. ನಾನು ಮಲ್ಪೆ ಕಡೆಯವಳು, ಈಗ ಬೆಂಗಳೂರಲ್ಲಿದ್ದೇನೆ. ಅಡುಗೆ ಪೂರ್ತಿ ಊರಿನದ್ದೇ. ಮೊದಲು ಸಿಗಡಿ ರವಾ ಫ್ರೈ. ಆಮೇಲೆ ಮರುವಾಯಿ (ಕಪ್ಪೆಚಿಪ್ಪು) ಸುಕ್ಕ, ಅಂದರೆ ಒಣ ಮಸಾಲೆಯದ್ದು, ಮತ್ತೆ ಸಿಗಡಿ ಘೀ ರೋಸ್ಟ್. ಕೊನೆಗೆ ನೀರುದೋಸೆ ಜೊತೆ ಏಡಿ ಗಸಿ, ಅಂದರೆ ಕಾಯಿ ಹಾಕಿದ ಸಾರು.

ಅಡುಗೆ ಬಗ್ಗೆ ಚಿಂತೆ ಇಲ್ಲ, ಚಿಂತೆ ಇರುವುದು ವೈನ್ ಬಗ್ಗೆ. ಎಲ್ಲಿ ಓದಿದರೂ 'ಚಿಪ್ಪುಮೀನಿಗೆ ಬಿಳಿ ವೈನ್' ಅಂತ ಒಂದೇ ಸಾಲು. ಬೆಣ್ಣೆ, ನಿಂಬೆರಸ ಹಾಕಿ ಬೇಯಿಸಿದ ಚಿಪ್ಪಿಗೆ ಅದು ಸರಿ ಇರಬಹುದು. ಹುರಿದ ತೆಂಗಿನಕಾಯಿ, ಹುಣಸೆಹುಳಿ, ಬ್ಯಾಡಗಿ ಮೆಣಸಿನ ನಮ್ಮ ಮಸಾಲೆಗೆ ಏನು ಮಾಡುವುದು? ಎರಡು ಬಗೆ ತರೋಣ ಅಂತಿದ್ದೇನೆ, ಹೆಚ್ಚೆಂದರೆ ಮೂರು. ಬಾಟಲಿಗೆ ಸಾವಿರದ ಐನೂರು ದಾಟಬಾರದು.

ಬಸವನಗುಡಿ
ತಣ್ಣಗಿನ ಬಿಯರ್ ತಂದುಬಿಡಿ ಅಕ್ಕ, ಮುಗೀತು.

ಪಡುಕೆರೆ ಹುಡುಗಿ
ಬಿಯರ್ ಇದ್ದೇ ಇರುತ್ತೆ ಅಣ್ಣ. ವೈನ್ ಕುಡಿಯುವವರಿಗೂ ಏನಾದರೂ ಬೇಕಲ್ವಾ?

ನಾಂತ್ ಕನ್ನಡಿಗ
ನಾನಿರುವುದು ಫ್ರಾನ್ಸಿನ ನಾಂತ್‌ನಲ್ಲಿ. ಲುವಾರ್ ನದಿ ಸಮುದ್ರ ಸೇರುವ ಜಾಗ ಇಲ್ಲಿಂದ ಹತ್ತಿರ. ಈ ಸೀಮೆಯ ವೈನ್ ಮಸ್ಕಡೆ. ಹಸಿಯಾಗಿ ತಿನ್ನುವ ಆಯ್ಸ್ಟರ್ ಅನ್ನುವ ಚಿಪ್ಪುಮೀನಿರಲಿ, ಬೇಯಿಸಿದ ಚಿಪ್ಪಿರಲಿ, ಇಲ್ಲಿಯವರು ಮೊದಲು ಕೇಳುವುದು ಇದನ್ನೇ. ದ್ರಾಕ್ಷಿಯ ತಳಿ ಮೆಲನ್ ದ ಬುರ್ಗೋಞ್. 1709ರ ಭಯಂಕರ ಚಳಿಗೆ ಇಲ್ಲಿನ ಬಳ್ಳಿಗಳು ಸತ್ತುಹೋದವು. ಚಳಿ ತಡೆಯುತ್ತದೆ ಅಂತ ಈ ತಳಿಯನ್ನು ಹೆಚ್ಚು ನೆಟ್ಟಿದ್ದು ಆಮೇಲೆ.

ಒಳ್ಳೆಯ ಬಾಟಲಿಯ ಮೇಲೆ 'ಸ್ಯುರ್ ಲೀ' ಅಂತ ಬರೆದಿರುತ್ತದೆ. ಹುದುಗು ಮುಗಿದ ಮೇಲೆ ತಳದಲ್ಲಿ ಯೀಸ್ಟಿನ ಚರಟ ಕೂರುತ್ತದಲ್ಲ, ವೈನನ್ನು ಚಳಿಗಾಲ ಪೂರ್ತಿ ಅದರ ಮೇಲೇ ಬಿಟ್ಟು ಆಮೇಲೆ ಬಾಟಲಿಗೆ ತುಂಬುತ್ತಾರೆ. ತೆಳುವಾದ ವೈನ್ ಆದರೂ ರುಚಿ ಬಾಯಲ್ಲಿ ನಿಲ್ಲುತ್ತದೆ.

ಉಳಿದ ಕಡಲೂರುಗಳಲ್ಲೂ ಹೀಗೇ. ಸ್ಪೇನಿನ ಗಲೀಸಿಯದಲ್ಲಿ ಕಡಲಿನ ಹಿನ್ನೀರಲ್ಲಿ ತೆಪ್ಪ ಕಟ್ಟಿ, ಹಗ್ಗ ಇಳಿಬಿಟ್ಟು ಚಿಪ್ಪುಮೀನು ಬೆಳೆಸುತ್ತಾರೆ. ಅದೇ ದಡದಲ್ಲಿ ಚಪ್ಪರಕ್ಕೆ ಹಬ್ಬಿಸಿ ಅಲ್ಬರಿನ್ಯೊ ದ್ರಾಕ್ಷಿ ಬೆಳೆಯುತ್ತಾರೆ. ದಕ್ಷಿಣ ಫ್ರಾನ್ಸಿನ ತೊ ಸರೋವರದ ಆಯ್ಸ್ಟರ್‌ಗೆ ಪಕ್ಕದಲ್ಲೇ ಬೆಳೆಯುವ ಪಿಕ್ಪೂಲ್ ಇದೆ. ಮೂರಕ್ಕೂ ಒಂದೇ ಗುಣ: ಹುಳಿ ಜಾಸ್ತಿ, ಮರದ ಪೀಪಾಯಿಯ ವಾಸನೆ ಇಲ್ಲ. ನಿಮಗೂ ಇಂಥದ್ದೇ ಬೇಕು.

ಬಂದರು ರಸ್ತೆ, ಮಂಗಳೂರು
ನಾಂತ್‌ನವರೇ, ಹಸಿ ಆಯ್ಸ್ಟರ್‌ಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಮರುವಾಯಿ ಸುಕ್ಕ ಹಸಿ ಆಯ್ಸ್ಟರ್ ಅಲ್ಲ ಮಾರಾಯ್ರೆ. ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಹುರಿದ ಕಾಯಿ ಎಲ್ಲ ಸೇರಿದ ಮೇಲೆ ತೆಳು ವೈನಿನ ರುಚಿ ಗೊತ್ತೇ ಆಗುವುದಿಲ್ಲ. ಯಾವ ಜೀವಿ ಅಂತ ನೋಡಿ ವೈನ್ ಆರಿಸಬಾರದು, ಅದಕ್ಕೆ ಹಾಕಿದ ಮಸಾಲೆ ನೋಡಿ ಆರಿಸಬೇಕು. ಸಿಗಡಿಯನ್ನೇ ನೋಡಿ. ರವಾ ಫ್ರೈ ಮಾಡಿದರೆ ಒಂದು ವೈನ್, ಹುಳಿ-ಖಾರದ ಪುಳಿಮುಂಚಿಗೆ ಬೇರೆ, ಘೀ ರೋಸ್ಟ್‌ಗೆ ಇನ್ನೊಂದು.

ನಾಂತ್ ಕನ್ನಡಿಗ
ಮಸಾಲೆ ಮುಖ್ಯ ಅನ್ನುವುದು ಸರಿ. ಆದರೆ ಫ್ರಾನ್ಸಿನಲ್ಲಿ ಮಸಾಲೆಯ ಚಿಪ್ಪು ಇಲ್ಲವೇ ಇಲ್ಲ ಅಂದುಕೊಳ್ಳಬೇಡಿ. ಇಲ್ಲಿಂದ ದಕ್ಷಿಣಕ್ಕೆ ಲಾ ರೊಷೆಲ್ ಕಡೆ ಮುಕ್ಲಾದ್ ಅಂತ ಮಾಡುತ್ತಾರೆ. ಚಿಪ್ಪಿಗೆ ಕೆನೆ, ಮೊಟ್ಟೆಯ ಹಳದಿ, ಜೊತೆಗೆ ಕೇಸರಿ ಇಲ್ಲವೇ ಕರಿ ಪುಡಿ. ಅದಕ್ಕೂ ಒಣ, ಅಂದರೆ ಸಿಹಿ ಇಲ್ಲದ, ಬಿಳಿ ವೈನನ್ನೇ ಇಡುತ್ತಾರೆ.

ಬಂದರು ರಸ್ತೆ, ಮಂಗಳೂರು
ಅದರಲ್ಲಿ ಕರಿ ಪುಡಿ ಒಂದು ಚಿಟಿಕೆ, ಕೆನೆ ಒಂದು ಬಟ್ಟಲು. ನಮ್ಮದರಲ್ಲಿ ಮೆಣಸೇ ಮುಖ್ಯ. ಖಾರ ಬಂದ ಕೂಡಲೇ ಲೆಕ್ಕ ಬದಲಾಗುತ್ತದೆ.

ರಸಾಯನ ಮೇಷ್ಟ್ರು
ಖಾರದ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಮೆಣಸಿನ ಕ್ಯಾಪ್ಸೈಸಿನ್ ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ನರತುದಿಗಳನ್ನೇ ಕೆರಳಿಸುತ್ತದೆ. ಆಲ್ಕೋಹಾಲ್ ಅವೇ ನರತುದಿಗಳನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹಾಗಾಗಿ 14 ಶೇಕಡಾ ಆಲ್ಕೋಹಾಲ್ ಇರುವ ವೈನ್ ಕುಡಿದರೆ ಖಾರ ಹೆಚ್ಚಿದ ಹಾಗೆ ಅನಿಸುತ್ತದೆ. ಸಿಹಿ ಖಾರವನ್ನು ತಗ್ಗಿಸುತ್ತದೆ. ಕ್ಯಾಪ್ಸೈಸಿನ್ ಜಿಡ್ಡಿನಲ್ಲಿ ಕರಗುವ ವಸ್ತು, ಆದ್ದರಿಂದ ತುಪ್ಪ, ತೆಂಗಿನಹಾಲು ಎರಡೂ ಸಹಾಯ ಮಾಡುತ್ತವೆ.

ಇನ್ನೊಂದು, ಹುಳಿ. ಹುಣಸೆಯಲ್ಲಿ ಮುಖ್ಯವಾಗಿ ಇರುವುದು ಟಾರ್ಟಾರಿಕ್ ಆಮ್ಲ. ದ್ರಾಕ್ಷಿಯಲ್ಲೂ ಅದೇ. ಅಡುಗೆಯ ಹುಳಿಗಿಂತ ವೈನಿನ ಹುಳಿ ಕಡಿಮೆ ಇದ್ದರೆ ವೈನ್ ಸಪ್ಪೆ ಆಗುತ್ತದೆ. ಒಟ್ಟಿನಲ್ಲಿ ನೀವು ಹುಡುಕಬೇಕಾದದ್ದು ಆಲ್ಕೋಹಾಲ್ ಕಡಿಮೆ, ಹುಳಿ ಜಾಸ್ತಿ, ಚೂರು ಸಿಹಿ ಇರುವ ವೈನ್. ಜರ್ಮನಿಯ ಮೋಸೆಲ್ ಕಣಿವೆಯ ರೀಸ್ಲಿಂಗ್ ಅನ್ನುವ ಬಿಳಿ ವೈನಿನಲ್ಲಿ ಕಬಿನೆಟ್ ಅನ್ನುವ ದರ್ಜೆ ಇದೆ. ಸಿಹಿ ಉಳಿಸಿಕೊಂಡ ಬಾಟಲಿಯಾದರೆ ಆಲ್ಕೋಹಾಲ್ 8-9 ಶೇಕಡಾ ಅಷ್ಟೇ ಇರುತ್ತದೆ. ಘೀ ರೋಸ್ಟ್‌ಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಪಡುಕೆರೆ ಹುಡುಗಿ
ಹುಣಸೆ, ದ್ರಾಕ್ಷಿ ಎರಡರದ್ದೂ ಒಂದೇ ಆಮ್ಲ ಅಂತ ಗೊತ್ತೇ ಇರಲಿಲ್ಲ. ತುಂಬಾ ಥ್ಯಾಂಕ್ಸ್ ಸರ್. ಆದರೆ ಜರ್ಮನಿಯ ಬಾಟಲಿ ನನ್ನ ಬಜೆಟ್‌ಗೆ ಬರಲ್ಲ.

ದ್ರಾಕ್ಷಿ ಚಪ್ಪರ
ಆಮದು ವೈನ್ ಮರೆತುಬಿಡಿ. ಸುಂಕವೇ ವರ್ಷಗಟ್ಟಲೆ 150 ಶೇಕಡಾ ಇತ್ತು, ಅದರ ಮೇಲೆ ರಾಜ್ಯದ ತೆರಿಗೆ. ಇಲ್ಲಿಯದ್ದನ್ನೇ ನೋಡೋಣ.

ಖಾರಕ್ಕೆ ನಾಸಿಕ್ ಕಡೆಯ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ತನ್ನಿ. ನಮ್ಮಲ್ಲಿ ಇದನ್ನು ಹೆಚ್ಚಾಗಿ ಚೂರು ಸಿಹಿ ಉಳಿಸಿಯೇ ಮಾಡುತ್ತಾರೆ. ಸುಲಾ ಕಂಪನಿಯವರದ್ದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ, ಅವರದ್ದೇ ರೀಸ್ಲಿಂಗ್ ಕೂಡ ಇದೆ. ತೆಂಗಿನಕಾಯಿಯ ಗಸಿಗೆ ವಿಯೊನ್ಯೆ. ಅದು ನಮ್ಮ ನಂದಿ ಬೆಟ್ಟದ ಕಡೆಯ ಗ್ರೋವರ್ ಜಂಪಾ ಕಂಪನಿಯಲ್ಲಿದೆ. ಏಪ್ರಿಕಾಟ್, ಹೂವಿನ ಪರಿಮಳ ಇರುವ ದ್ರಾಕ್ಷಿ, ಕಾಯಿಹಾಲಿನ ಸಿಹಿಗೆ ಚೆನ್ನಾಗಿ ಹೊಂದುತ್ತದೆ. ರವಾ ಫ್ರೈಗೆ ನಾಸಿಕ್‌ನ ಯಾವುದಾದರೂ ಬ್ರೂಟ್ ಸ್ಪಾರ್ಕ್ಲಿಂಗ್, ಅಂದರೆ ಸಿಹಿ ಇಲ್ಲದ, ಗುಳ್ಳೆ ಏಳುವ ವೈನ್. ಎಣ್ಣೆಯಲ್ಲಿ ಕರಿದದ್ದಕ್ಕೆ ಗುಳ್ಳೆ, ಹುಳಿ ಎರಡೂ ಬೇಕು.

ಮುಖ್ಯವಾದ ಮಾತು ಇದು. ಬಾಟಲಿಯ ಮೇಲೆ ದ್ರಾಕ್ಷಿ ಕೊಯ್ಲಿನ ವರ್ಷ ನೋಡಿ. ನಮ್ಮಲ್ಲಿ ಕೊಯ್ಲು ಬೇಸಿಗೆಯ ಹೊಸ್ತಿಲಲ್ಲಿ, ಹೆಚ್ಚಾಗಿ ಜನವರಿಯಿಂದ ಮಾರ್ಚ್ ಒಳಗೆ. ಇಂಥ ಬಿಳಿ ವೈನ್ ಹೊಸದಿದ್ದಾಗಲೇ ರುಚಿ. ಮೂರು ವರ್ಷ ಹಳೆಯದ್ದು, ಅದೂ ಬಿಸಿಲು ಬೀಳುವ ಕಪಾಟಿನಲ್ಲಿ ನಿಂತದ್ದು ಬೇಡವೇ ಬೇಡ.

ಬಂದರು ರಸ್ತೆ, ಮಂಗಳೂರು
ಶೆನಿನ್, ಸ್ಪಾರ್ಕ್ಲಿಂಗ್ ಎರಡಕ್ಕೂ ನನ್ನ ಓಟು. ವಿಯೊನ್ಯೆಗೆ ಇಲ್ಲ. ಅದರಲ್ಲಿ ಹುಳಿ ಕಡಿಮೆ, ಆಲ್ಕೋಹಾಲ್ 13ರ ಆಸುಪಾಸು. ಏಡಿ ಗಸಿಗೆ ಹುಣಸೆ ಬೀಳುತ್ತದಲ್ಲ?

ದ್ರಾಕ್ಷಿ ಚಪ್ಪರ
ಗಸಿಗೆ ಹುಣಸೆ ಎಷ್ಟು ಹಾಕುತ್ತಾರೆ ಅನ್ನುವುದರ ಮೇಲೆ ಹೋಗುತ್ತದೆ. ಕಾಯಿ ಜಾಸ್ತಿ, ಹುಳಿ ಹದ ಇದ್ದರೆ ವಿಯೊನ್ಯೆಯನ್ನು ಮೀರಿಸುವುದು ಕಷ್ಟ. ಏಡಿಯ ಮಾಂಸದಲ್ಲೇ ಒಂದು ಸಿಹಿ ಇದೆ. ತುಂಬಾ ಹುಳಿಯ ವೈನ್ ಕೊಟ್ಟರೆ ಆ ಸಿಹಿ ಮುಚ್ಚಿಹೋಗುತ್ತದೆ.

ಹುಬ್ಬಳ್ಳಿ ಮಂದಿ
ಖಾರ ಖಾರ ಅಂತ ಎಲ್ಲರೂ ಹೆದರಿಸಾಕತ್ತೀರಿ. ಘೀ ರೋಸ್ಟ್‌ಗೆ ಬೀಳೂದು ಬ್ಯಾಡಗಿ ಮೆಣಸಿನಕಾಯಿ. ಬಣ್ಣ ಕೆಂಪು, ಖಾರ ಸೌಮ್ಯ. ಅದಕ್ಕೇ ಅದಕ್ಕ ಅಷ್ಟು ಹೆಸರು, 2011ರಾಗ ಭೌಗೋಳಿಕ ಸೂಚ್ಯಂಕನೂ ಸಿಕ್ಕೈತಿ. ಗುಂಟೂರು ಹಾಕಿದ್ರ ಮಾತ್ರ ಬೆಂಕಿ. ಅಕ್ಕಾರ, ಮೊದಲು ನಿಮ್ಮ ಮಸಾಲಿಗೆ ಯಾವ ಮೆಣಸಿನಕಾಯಿ ಅಂತ ಹೇಳ್ರಿ. ಆಮ್ಯಾಲೆ ವೈನ್ ಆರಿಸೋಣ.

ಪಡುಕೆರೆ ಹುಡುಗಿ
ಬರೀ ಬ್ಯಾಡಗಿಯೇ ಅಣ್ಣ. ಜೊತೆಗೆ ಕಾಳುಮೆಣಸು, ಹುಣಸೆ, ಸ್ವಲ್ಪ ಬೆಲ್ಲ. ಸಿಗಡಿಯನ್ನು ಮೊದಲು ಮೊಸರಲ್ಲಿ ನೆನೆಸುತ್ತೇನೆ.

ದ್ರಾಕ್ಷಿ ಚಪ್ಪರ
ಹುಬ್ಬಳ್ಳಿಯವರು ಹೇಳಿದ್ದು ತುಂಬಾ ಉಪಯೋಗದ ಮಾತು. ಬರೀ ಬ್ಯಾಡಗಿ, ಅದರ ಮೇಲೆ ಅಷ್ಟು ತುಪ್ಪ ಅಂದರೆ ಸಿಹಿ ವೈನೇ ಬೇಕು ಅಂತಿಲ್ಲ. ಒಣ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್, ನಡೆಯುತ್ತದೆ. ಕೆಂಪು ದ್ರಾಕ್ಷಿಯ ಸಿಪ್ಪೆಯನ್ನು ರಸದ ಜೊತೆ ಸ್ವಲ್ಪ ಹೊತ್ತು ಮಾತ್ರ ಬಿಟ್ಟು ತೆಗೆಯುವುದರಿಂದ ರೋಸೆಯಲ್ಲಿ ಹಣ್ಣಿನ ರುಚಿ ಇರುತ್ತದೆ, ಒಗರು ಇರುವುದಿಲ್ಲ. ತುಪ್ಪದ ಜಿಡ್ಡನ್ನೂ ಕತ್ತರಿಸುತ್ತದೆ.

ಕೆಂಪು ಗ್ಲಾಸ್
ಅಷ್ಟು ದೂರ ಬಂದವರು ಕೆಂಪು ವೈನ್ ತನಕ ಯಾಕೆ ಬರುತ್ತಿಲ್ಲ? ನಮ್ಮ ಮನೆಯಲ್ಲಿ ಏಡಿ ಸುಕ್ಕಕ್ಕೆ ಯಾವಾಗಲೂ ಶಿರಾಜ್. ಎಲ್ಲರಿಗೂ ಇಷ್ಟ. ಮೀನು, ಚಿಪ್ಪಿಗೆ ಕೆಂಪು ಆಗಲ್ಲ ಅನ್ನುವುದು ಯಾರೋ ಹೊರಗಿನವರು ಮಾಡಿದ ನಿಯಮ.

ರಸಾಯನ ಮೇಷ್ಟ್ರು
ನಿಯಮ ಹೊರಗಿನದ್ದಿರಬಹುದು, ಅದರ ಹಿಂದೆ ಕಾರಣ ಇದೆ. ಜಪಾನಿನ ಮರ್ಸಿಯನ್ ಎಂಬ ವೈನ್ ಕಂಪನಿಯ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಕ್ಯಾಲಪ್ ಅನ್ನುವ ಬೀಸಣಿಗೆ ಆಕಾರದ ಚಿಪ್ಪುಮೀನಿನ ಜೊತೆ 69 ವೈನ್‌ಗಳನ್ನು ರುಚಿ ನೋಡಿಸಿದರು. ಕೆಲವು ವೈನ್‌ಗಳಲ್ಲಿ ಮಾತ್ರ ಬಾಯಲ್ಲಿ ಕೆಟ್ಟ ಮೀನುವಾಸನೆ ಉಳಿಯಿತು. ಹುಡುಕಿದರೆ ಕಾರಣ ಕಬ್ಬಿಣದ ಅಂಶ. ಲೀಟರಿಗೆ 2 ಮಿಲಿಗ್ರಾಂ ದಾಟಿದ ವೈನ್‌ಗಳಲ್ಲಿ ಈ ವಾಸನೆ ಜೋರು. ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕ ಸೇರಿಸಿದಾಗ ವಾಸನೆ ಕಡಿಮೆಯಾಯಿತು. ಕೆಂಪು ವೈನ್‌ಗಳಲ್ಲಿ ಕಬ್ಬಿಣ ಜಾಸ್ತಿ ಇರುವುದು ಸಾಮಾನ್ಯ.

ಕೆಂಪು ಗ್ಲಾಸ್
ಹಾಗಾದರೆ ಕಬ್ಬಿಣ ಕಡಿಮೆ ಇರುವ ಕೆಂಪು ವೈನ್ ಆದೀತು ಅಂತಲೇ ಅರ್ಥ ಅಲ್ವಾ ಸರ್? ಬಣ್ಣ ತಪ್ಪಲ್ಲ, ಕಬ್ಬಿಣ ತಪ್ಪು. ಅಲ್ಲದೆ ಅವರು ನೋಡಿದ್ದು ಮಸಾಲೆ ಇಲ್ಲದ ಸ್ಕ್ಯಾಲಪ್. ಕೊತ್ತಂಬರಿ, ಬೆಳ್ಳುಳ್ಳಿ ಹುರಿದು ಹಾಕಿದ ಮೇಲೆ ಆ ವಾಸನೆ ಎಲ್ಲಿ ಬರುತ್ತೆ?

ರಸಾಯನ ಮೇಷ್ಟ್ರು
ಬಣ್ಣದ ಬಗ್ಗೆ ನಿಮ್ಮ ಮಾತು ಸರಿ. ಕಬ್ಬಿಣ ಮಣ್ಣಿನಿಂದಲೂ ಬರಬಹುದು, ವೈನ್ ಮಾಡುವ ಪಾತ್ರೆ, ಯಂತ್ರಗಳಿಂದಲೂ ಬರಬಹುದು. ಆದರೆ ಬಾಟಲಿಯ ಚೀಟಿ ಮೇಲೆ ಕಬ್ಬಿಣದ ಅಳತೆ ಬರೆದಿರುವುದಿಲ್ಲ. ಅತಿಥಿಗಳ ಮುಂದೆ ಇಡುವಾಗ ಆ ಅಪಾಯ ಯಾಕೆ?

ಬಂದರು ರಸ್ತೆ, ಮಂಗಳೂರು
ಕಬ್ಬಿಣ ಬಿಡಿ, ಒಗರಿನ ಕಥೆ ಏನು? ಶಿರಾಜ್‌ನ ಒಗರು, ಮೆಣಸಿನ ಖಾರ, ಮರುವಾಯಿಯ ಉಪ್ಪುನೀರು ಮೂರೂ ಒಟ್ಟಿಗೆ ಸೇರಿದರೆ ಬಾಯಿ ಕಹಿ. ಏಡಿ ಸುಕ್ಕ ಒಣಗಿರುತ್ತದೆ, ಅಲ್ಲಿ ಹೇಗೋ ನಡೆದೀತು. ಮರುವಾಯಿಗೆ ಖಂಡಿತ ಬೇಡ.

ಕೆಂಪು ಗ್ಲಾಸ್
ಮರುವಾಯಿ ವಿಷಯ ಒಪ್ಪಿದೆ. ಏಡಿ ಸುಕ್ಕ ಬಿಟ್ಟುಕೊಡಲ್ಲ. ಒಗರು ಕಡಿಮೆ ಇರುವ ಕೆಂಪನ್ನು ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟು ಕುಡಿದು ನೋಡಿ, ಆಮೇಲೆ ಮಾತಾಡೋಣ.

ಕಾಳಿ ಸಂಗಮ, ಕಾರವಾರ
ನಮ್ಮ ಕಡೆ ಮಸಾಲೆ ಬೇರೆ, ಅದನ್ನೂ ಹೇಳಿಬಿಡುತ್ತೇನೆ. ಕಾಳಿ ನದಿ ಕಡಲು ಸೇರುವ ಕಡೆ ಕಲ್ವ, ತಿಸ್ರೆ ಅನ್ನುವ ಚಿಪ್ಪುಗಳು ಸಿಗುತ್ತವೆ. ತಿಸ್ರೆಗೆ ನಾವು ಹಸಿ ಕಾಯಿತುರಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಹುಳಿಗೆ ಕೋಕಂ ಹಾಕಿ ಹಗುರಾಗಿ ಮಾಡುವುದೂ ಉಂಟು. ಅದಕ್ಕೆ ಶೆನಿನ್ ಬೇಡ. ಸೋವಿನ್ಯೋನ್ ಬ್ಲಾಂಕ್ ತೆಗೆದುಕೊಳ್ಳಿ. ಆ ವೈನಲ್ಲೇ ಹಸಿ ಎಲೆಯ, ದೊಣ್ಣೆಮೆಣಸಿನ ವಾಸನೆ ಇರುತ್ತದೆ. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ಹಸಿರು ಚಿಪ್ಪಿನ ಮಸೆಲ್‌ಗೆ ಇದನ್ನೇ ಕುಡಿಯುತ್ತಾರೆ. ನಮ್ಮಲ್ಲಿ ನಾಸಿಕ್‌ನದ್ದೂ ಇದೆ, ಹಂಪಿ ಹತ್ತಿರದ ಕೃಷ್ಮಾದವರದ್ದೂ ಇದೆ.

ಪಡುಕೆರೆ ಹುಡುಗಿ
ಇದನ್ನು ಓದಿ ಮರುವಾಯಿಗೇ ಹಸಿ ಮಸಾಲೆ ಮಾಡಲೇ ಅನಿಸುತ್ತಿದೆ.

ಬಂದರು ರಸ್ತೆ, ಮಂಗಳೂರು
ಬೇಡ ತಂಗಿ, ಸುಕ್ಕವೇ ಮಾಡು. ವೈನಿಗಾಗಿ ಅಡುಗೆ ಬದಲಿಸಬಾರದು. ಮರುವಾಯಿ ಎಲ್ಲಿಂದ ತರುತ್ತಿ?

ಪಡುಕೆರೆ ಹುಡುಗಿ
ಅಣ್ಣ ಶನಿವಾರ ರಾತ್ರಿ ಬಸ್ಸಿಗೆ ಐಸ್ ಡಬ್ಬಿಯಲ್ಲಿ ಹಾಕಿ ಕಳಿಸುತ್ತಾನೆ.

ಮೆಟ್ಟುಕತ್ತಿ
ಐಸ್ ನೇರವಾಗಿ ತಾಗಬಾರದು, ಕರಗಿದ ಸಿಹಿನೀರಲ್ಲಿ ಮುಳುಗಿದರೆ ಮರುವಾಯಿ ಸಾಯುತ್ತದೆ. ಒದ್ದೆ ಗೋಣಿಯಲ್ಲಿ ಸುತ್ತಿ, ಅದರ ಹೊರಗೆ ಐಸ್ ಇಡಲಿ. ಬಂದ ಮೇಲೆ ಉಪ್ಪುನೀರಲ್ಲಿ ಕೆಲವು ಗಂಟೆ ಬಿಡಿ, ಮರಳು ಉಗುಳುತ್ತದೆ. ಬಾಯಿ ತೆರೆದಿದ್ದು, ಕುಟ್ಟಿದರೂ ಮುಚ್ಚದ್ದನ್ನು ಎಸೆಯಿರಿ. ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆಯಲ್ಲಿ) ಬಿಡಿಸುವಾಗ ಬರುವ ನೀರನ್ನು ಚೆಲ್ಲಬೇಡಿ, ಸೋಸಿ ಸುಕ್ಕಕ್ಕೇ ಹಾಕಿ. ರುಚಿ ಇರುವುದೇ ಅದರಲ್ಲಿ.

ರಸಾಯನ ಮೇಷ್ಟ್ರು
ಆ ನೀರಿನಲ್ಲಿ ಉಪ್ಪಿದೆ. ಉಪ್ಪು ಇದ್ದಾಗ ವೈನಿನ ಹುಳಿ ನಾಲಿಗೆಗೆ ಮೆತ್ತಗೆ ಅನಿಸುತ್ತದೆ. ಬರೀ ಕುಡಿದರೆ ಹಲ್ಲು ಜುಮ್ಮೆನ್ನಿಸುವ ವೈನ್ ಕೂಡ ಮರುವಾಯಿ ಜೊತೆ ಹದವಾಗುತ್ತದೆ.

ನಾಂತ್ ಕನ್ನಡಿಗ
ಉಪ್ಪು ಮಾತ್ರ ಅಲ್ಲ ಸರ್. ಕೋಪನ್‌ಹೇಗನ್ ವಿಶ್ವವಿದ್ಯಾಲಯದವರು 2020ರಲ್ಲಿ ಶಾಂಪೇನ್, ಆಯ್ಸ್ಟರ್ ಜೋಡಿಯ ಬಗ್ಗೆ ಒಂದು ಲೇಖನ ಬರೆದರು. ಯೀಸ್ಟಿನ ಚರಟದ ಮೇಲೆ ಹಣ್ಣಾದ ಶಾಂಪೇನ್‌ನಲ್ಲಿ ಗ್ಲುಟಮೇಟ್ ಇರುತ್ತದೆ, ಆಯ್ಸ್ಟರ್‌ನಲ್ಲಿ ನ್ಯೂಕ್ಲಿಯೋಟೈಡ್‌ಗಳು ಇರುತ್ತವೆ. ಎರಡೂ ಸೇರಿದಾಗ ಉಮಾಮಿ, ಅಂದರೆ ಆ ಮಾಂಸದ ಸಾರಿನ ರುಚಿ, ಒಂದೊಂದರಲ್ಲಿ ಇದ್ದದ್ದಕ್ಕಿಂತ ಎಷ್ಟೋ ಹೆಚ್ಚುತ್ತದೆ. ಅದಕ್ಕೇ ನಾನು ಸ್ಯುರ್ ಲೀ ಮಾತು ಎತ್ತಿದ್ದು. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರಿಸಿದ ಸ್ಪಾರ್ಕ್ಲಿಂಗ್ ನಾಸಿಕ್‌ನಲ್ಲೂ ಸಿಗುತ್ತದೆ. ಮರುವಾಯಿ ಸುಕ್ಕಕ್ಕೂ ಅದನ್ನೇ ಮುಂದುವರಿಸಬಹುದು ಅಂತ ನನ್ನ ಅನಿಸಿಕೆ.

ಬಂದರು ರಸ್ತೆ, ಮಂಗಳೂರು
ಇದನ್ನು ಮನಸಾರೆ ಒಪ್ಪುತ್ತೇನೆ. ಸುಕ್ಕದ ಹುರಿದ ಕಾಯಿಗೂ ಆ ಬ್ರೆಡ್ಡಿನಂಥ ಯೀಸ್ಟಿನ ಪರಿಮಳಕ್ಕೂ ಒಳ್ಳೆ ಜೋಡಿ.

ಥೇಮ್ಸ್ ದಡ
ಯಾರೂ ಮನ್ಸನಿಯಾ ಹೆಸರು ಹೇಳಲಿಲ್ಲ. ಸ್ಪೇನಿನ ಸನ್‌ಲೂಕರ್ ಎಂಬ ಕಡಲೂರಿನ ಒಣ ಶೆರ್ರಿ. ಪೀಪಾಯಿಯಲ್ಲಿ ವೈನಿನ ಮೇಲೆ ಯೀಸ್ಟಿನ ಪದರ ಬೆಳೆಯಲು ಬಿಟ್ಟು ಮಾಡುತ್ತಾರೆ. ಬಾದಾಮಿಯ ರುಚಿ, ಉಪ್ಪಿನ ಗಾಳಿ. ಅಲ್ಲಿನವರು ಸಿಗಡಿಗೆ ಇದನ್ನೇ ಕುಡಿಯುತ್ತಾರೆ. ರವಾ ಫ್ರೈಗೆ ಒಮ್ಮೆ ನೋಡಿ.

ರಸಾಯನ ಮೇಷ್ಟ್ರು
15 ಶೇಕಡಾ ಆಲ್ಕೋಹಾಲ್ ಅದು. ರವಾ ಫ್ರೈಗೆ ಸರಿ, ಘೀ ರೋಸ್ಟ್ ಬರುವ ಮೊದಲು ಆ ಗ್ಲಾಸ್ ಖಾಲಿ ಆಗಿರಬೇಕು.

ಪುನರ್ಪುಳಿ
ವೈನ್ ಕುಡಿಯದವರಿಗೆ ಪುನರ್ಪುಳಿ (ಕೋಕಂ) ಶರಬತ್ತು ಮಾಡಿಡಿ. ಹುಳಿ, ಸಿಹಿ, ಬಣ್ಣ ಎಲ್ಲ ಇದೆ.

ಕೊಂಕಣಿ ಅಂಗಳ
ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ದ್ರಾಕ್ಷಿ ವೈನ್ ಯಾರಿಗೂ ನೆನಪಾಗಲಿಲ್ಲವಾ? ನಮ್ಮಮ್ಮ ಈಗಲೂ ಭರಣಿಯಲ್ಲಿ ಹಾಕುತ್ತಾರೆ. ಸಿಹಿಯಾಗಿರುತ್ತದೆ, ಸಿಗಡಿ ಪುಳಿಮುಂಚಿ ಜೊತೆ ಚೂರು ಚೂರು ಕುಡಿಯುತ್ತೇವೆ. ಖಾರಕ್ಕೆ ಸಿಹಿ ಅನ್ನುವ ಮೇಷ್ಟ್ರ ಲೆಕ್ಕ ಅಲ್ಲೂ ಸರಿ ಬರುತ್ತದೆ.

ದ್ರಾಕ್ಷಿ ಚಪ್ಪರ
ಪುಳಿಮುಂಚಿಗೆ ಸರಿ. ಕಾಯಿ ಹಾಕಿದ ಗಸಿಗೆ ಅಷ್ಟು ಸಿಹಿ ಬೇಡ.

ಬಸವನಗುಡಿ
ಒಂದು ಡೌಟು. ಈಗ ಮೀನುಗಾರಿಕೆ ನಿಷೇಧ ಇಲ್ವಾ?

ಮೆಟ್ಟುಕತ್ತಿ
ಅದು ಜೂನ್ 1ರಿಂದ ಜುಲೈ 31ರವರೆಗೆ, ಯಾಂತ್ರಿಕ ದೋಣಿಗಳಿಗೆ. ಈಗ ದೋಣಿಗಳು ಇಳಿದಿವೆ. ಮರುವಾಯಿಗೆ ದೋಣಿಯೇ ಬೇಕಿಲ್ಲ, ಅಳಿವೆಗಳಲ್ಲಿ ನೀರಿಗಿಳಿದು ಕೈಯಲ್ಲಿ ಹೆಕ್ಕುವವರೇ ಜಾಸ್ತಿ.

ಪಡುಕೆರೆ ಹುಡುಗಿ
ಎಲ್ಲ ಓದಿ ಹೀಗೆ ಅಂದುಕೊಂಡಿದ್ದೇನೆ. ರವಾ ಫ್ರೈ, ಮರುವಾಯಿಗೆ ಬ್ರೂಟ್ ಸ್ಪಾರ್ಕ್ಲಿಂಗ್. ಘೀ ರೋಸ್ಟ್‌ಗೆ ಒಣ ರೋಸೆ. ಗಸಿಗೆ ಶೆನಿನ್, ಯಾಕೆಂದರೆ ನಮ್ಮ ಮನೆಯ ಗಸಿಗೆ ಹುಣಸೆ ಸ್ವಲ್ಪ ಮುಂದು. ವಿಯೊನ್ಯೆ ಇನ್ನೊಂದು ಸಲಕ್ಕೆ. ತಣ್ಣಗೆ ಎಷ್ಟು ಮಾಡಬೇಕು?

ದ್ರಾಕ್ಷಿ ಚಪ್ಪರ
ಸ್ಪಾರ್ಕ್ಲಿಂಗ್ 6-8 ಡಿಗ್ರಿ, ಉಳಿದೆರಡು 8ರಿಂದ 10. ಫ್ರಿಜ್‌ನಲ್ಲಿ ಜಾಗ ಇಲ್ಲದಿದ್ದರೆ ಬಕೆಟ್‌ಗೆ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ. ಬರೀ ಐಸಿಗಿಂತ ಬೇಗ ತಣ್ಣಗಾಗುತ್ತದೆ.

ಕೆಂಪು ಗ್ಲಾಸ್
ಒಂದು ಶಿರಾಜ್ ಕೂಡ ಇಟ್ಟಿರಿ, ಯಾರಾದರೂ ಕೇಳಿಯೇ ಕೇಳುತ್ತಾರೆ.

ಬಂದರು ರಸ್ತೆ, ಮಂಗಳೂರು
ಕೇಳಿದರೆ ಊಟ ಆದ ಮೇಲೆ ಕೊಡು ತಂಗಿ. ಇನ್ನೊಂದು, ಏಡಿ ಒಡೆದ ಕೈ ಪೂರ್ತಿ ಮಸಾಲೆ ಆಗಿರುತ್ತದೆ, ಕಾಲಿರುವ ತೆಳು ಗ್ಲಾಸ್ ಜಾರುತ್ತದೆ. ಗಸಿ ಬಡಿಸುವಾಗ ಸಾದಾ ಗಾಜಿನ ಲೋಟ ಇಡು. ಪಕ್ಕದಲ್ಲಿ ಬಿಸಿನೀರು, ನಿಂಬೆಹೋಳು ಇರಲಿ.